ಸುಂಕದವನ ಮುಂದೆ ನಮ್ಮ ಡಬರಿ

ನಲ್ಮೆಯ ಓದುಗರಿಗೆ 2025ರ ರಾಜ್ಯೋತ್ಸವದ ನಮಸ್ಕಾರ.

ಕೆನಡಾದ ಗಡಿಯ ಊರು ವಿಂಡ್ಸರ್‌ನ ನಮ್ಮ ಕನ್ನಡ ಸಂಘದ ಆಸ್ತಿ ಏನು ಅಂತ ಯಾರಾದರೂ ಕೇಳಿದರೆ ಪಟ್ಟಿ ಚಿಕ್ಕದು. ಒಂದು ಕನ್ನಡ ಬಾವುಟ, ಎರಡು ಪೆಟ್ಟಿಗೆ ಪುಸ್ತಕ, ಆಗಾಗ ಕೈಕೊಡುವ ಮೈಕ್ ಸೆಟ್, ಮತ್ತು ಎರಡು ಅಲ್ಯೂಮಿನಿಯಂ ಡಬರಿ. ಡಬರಿಗಳನ್ನು ಹದಿನೈದು ವರ್ಷದ ಹಿಂದೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಕೊಂಡದ್ದು. ಒಂದರೊಳಗೆ ಒಂದು ಕೂರಿಸಿ, ಸಂದಿಯಲ್ಲಿ ಹಳೇ ಸೀರೆ ತುರುಕಿ, ವಿಮಾನದ ಲಗೇಜಿನಲ್ಲಿ ತಂದೆವು. ಎರಡೂ ಒಲೆ ಏರಿದರೆ ನೂರು ಜನಕ್ಕೆ ಬಿಸಿಬೇಳೆಬಾತ್.

ನಾವು ಸಣ್ಣ ಸಂಘ. ನದಿಯಾಚೆ ಡೆಟ್ರಾಯಿಟ್ ಕಡೆ ಕನ್ನಡಿಗರು ಜಾಸ್ತಿ. (ಇಲ್ಲಿ ಅಮೆರಿಕ ನಮಗೆ ಉತ್ತರಕ್ಕಿದೆ. ನಂಬಿಕೆ ಬಾರದಿದ್ದರೆ ನಕ್ಷೆ ನೋಡಿ.) ನಾವು ಅವರಿಗೆ ಡಬರಿ ಕೊಡುತ್ತೇವೆ, ಅವರು ನಮಗೆ ಹಾಡುವವರನ್ನು ಕಳಿಸುತ್ತಾರೆ. ಇಷ್ಟು ವರ್ಷ ನಮ್ಮ ಮುಕ್ತ ವ್ಯಾಪಾರ ಒಪ್ಪಂದ ಇದೇ.

ಈ ವರ್ಷ ಸಂಕ್ರಾಂತಿಗೆ ಆಚೆ ಹೋದ ಡಬರಿಗಳು ಯುಗಾದಿ ಹೊತ್ತಿಗೆ ವಾಪಸ್ ಬರಬೇಕಿತ್ತು. ನಡುವೆ ಸುಂಕ ಬಂತು. ಮಾರ್ಚ್ 4ಕ್ಕೆ ಅಮೆರಿಕ ಕೆನಡಾದ ಸರಕಿನ ಮೇಲೆ ಶೇ. 25 ಹಾಕಿತು. 12ಕ್ಕೆ ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ ಬೇರೆಯೇ ಶೇ. 25. ಮರುದಿನ ಕೆನಡಾ ಕೂಡ ಅಮೆರಿಕದ ಉಕ್ಕು, ಅಲ್ಯೂಮಿನಿಯಂ ಸಾಮಾನಿಗೆ ತಿರುಗಿ ಹಾಕಿತು. ಅಲ್ಯೂಮಿನಿಯಂ ಅಂದ ಕೂಡಲೇ ನಮ್ಮ ಸಮಿತಿಯ ವಾಟ್ಸಾಪ್ ಗುಂಪು ಎದ್ದು ಕೂತಿತು.

'ಬೆಲೆ ಎಷ್ಟು ಅಂತ ತೋರಿಸೋದು?' ಅಂತ ಒಬ್ಬರು. 'ರಸೀದಿ ಇದೆಯಾ?' ಅಂತ ಇನ್ನೊಬ್ಬರು. ಚಿಕ್ಕಪೇಟೆಯ ಅಂಗಡಿಯವರು ಕೊಟ್ಟದ್ದು ಪೆನ್ಸಿಲ್‌ನಲ್ಲಿ ಬರೆದ ಬಿಳಿ ಚೀಟಿ. ಅದು ಎಲ್ಲಿ ಹೋಯಿತೋ. 'ಸುಮ್ನೆ ಅಲ್ಲೇ ಬಿಡಿ, ಹೊಸದು ತಗೊಂಡರಾಯಿತು' ಅಂದ ಪುಣ್ಯಾತ್ಮರಿಗೆ ಅಡುಗೆ ಸಮಿತಿಯ ಅಕ್ಕಂದಿರು ಇವತ್ತಿಗೂ ಉತ್ತರ ಕೊಡುತ್ತಿದ್ದಾರೆ. ಕೊನೆಗೆ ಖಜಾಂಚಿಗಳು ನಿಯಮ ಓದಿ ಹೇಳಿದರು: ಸುಂಕಕ್ಕೆ ಯಜಮಾನ ಯಾರು ಅನ್ನೋದು ಮುಖ್ಯವಲ್ಲ, ಹುಟ್ಟೂರು ಮುಖ್ಯ. ಕೆನಡಾದ ಸುಂಕ ಅಮೆರಿಕದಲ್ಲಿ ತಯಾರಾದ ಸಾಮಾನಿಗೆ. ನಮ್ಮ ಡಬರಿ ಭಾರತದ್ದು, ಬಚಾವ್. ಗಡಿಯ ಬ್ರಿಡ್ಜ್ ಮೇಲಿನ ಕೆನಡಾ ಅಧಿಕಾರಿ ಇಷ್ಟೆಲ್ಲ ಕೇಳಲೇ ಇಲ್ಲ. ಡಬರಿಯೊಳಗೆ ಬಗ್ಗಿ ನೋಡಿ, ಇದರಲ್ಲಿ ಏನು ಬೇಯಿಸುತ್ತೀರಿ ಅಂತ ಕೇಳಿ ಕಳಿಸಿಬಿಟ್ಟರು.

ಆ ರಾತ್ರಿಯಿಂದ ನನಗೆ ಈ ಹುಟ್ಟೂರಿನ ಲೆಕ್ಕ ತಲೆಗೆ ಹತ್ತಿದೆ. ಅಮೆರಿಕ, ಮೆಕ್ಸಿಕೊ, ಕೆನಡಾ ಮೂವರ ನಡುವಿನ 2020ರ ಒಪ್ಪಂದದ ಪ್ರಕಾರ ಒಂದು ಕಾರು 'ಇಲ್ಲಿಯದು' ಅನ್ನಿಸಿಕೊಳ್ಳಬೇಕಾದರೆ ಅದರ ಬೆಲೆಯಲ್ಲಿ ಶೇ. 75 ಈ ಮೂರು ದೇಶದಲ್ಲೇ ಹುಟ್ಟಿರಬೇಕು. ಉಕ್ಕಿಗಾದರೆ ಎಲ್ಲಿ ಕರಗಿತು, ಎಲ್ಲಿ ಎರಕ ಹೊಯ್ದರು ಅಂತ ಕೇಳುತ್ತಾರೆ. ನಮ್ಮನ್ನು ಹೀಗೆ ತೂಗಿದರೆ ಏನು ಗತಿ! ಕರಗಿದ್ದು ತುಮಕೂರಿನಲ್ಲಿ, ಎರಕ ಹೊಯ್ದದ್ದು ಒಂಟಾರಿಯೊದಲ್ಲಿ ಅಂತ ಬರೆಯಬೇಕಾಗುತ್ತಿತ್ತೇನೋ.

ಸುಂಕ ನಮಗೆ ಹೊಸದೇನಲ್ಲ. ನಮ್ಮ ಹಳೇ ಶಾಸನಗಳಲ್ಲಿ ದೊಡ್ಡ ಸುಂಕಕ್ಕೆ ಹೆಜ್ಜುಂಕ ಅಂತ ಹೆಸರು, ಚಿಲ್ಲರೆ ಸುಂಕಕ್ಕೆ ಕಿರುಕುಳ. ಈಗ ಆ ಎರಡನೇ ಮಾತಿಗೆ ಯಾವ ಅರ್ಥ ಇದೆ ಅಂತ ನಿಮಗೇ ಗೊತ್ತು. ಮಾಗಡಿ ರಸ್ತೆಯ ಸುಂಕದಕಟ್ಟೆ ಹೆಸರಿನಲ್ಲಿ ಕಟ್ಟೆ ಇನ್ನೂ ಇದೆ. 2017ರಲ್ಲಿ ಜಿಎಸ್‌ಟಿ ಬರುವವರೆಗೆ ಅತ್ತಿಬೆಲೆ ಚೆಕ್‌ಪೋಸ್ಟಿನಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವಲ್ಲ, ಅಲ್ಲಿ ಕಟ್ಟಿದ ದುಡ್ಡು ಕೊನೆಗೆ ಯಾರ ತಲೆಗೆ ಬೀಳುತ್ತಿತ್ತು? ಕೊಳ್ಳುವವನ ತಲೆಗೆ. ಇಲ್ಲಿಯೂ ಅಷ್ಟೇ. ಅಮೆರಿಕದ ಸುಂಕವನ್ನು ಕೆನಡಾ ಕಟ್ಟುತ್ತದೆ ಅಂತ ಟೀವಿಯಲ್ಲಿ ಹೇಳುತ್ತಾರೆ. ಬಂದರಿನಲ್ಲಿ, ಬ್ರಿಡ್ಜಿನಲ್ಲಿ ದುಡ್ಡು ಕಟ್ಟುವವನು ಸರಕು ತರಿಸಿಕೊಳ್ಳುವ ಅಮೆರಿಕದ ವ್ಯಾಪಾರಿ. ನಮ್ಮೂರಿಗೆ ಏಟು ಬೀಳೋದು ಆಮೇಲೆ, ಅವನು ಆರ್ಡರ್ ಕಡಿಮೆ ಮಾಡಿದಾಗ.

ಬಿತ್ತು ಕೂಡ. ಕಾರಿನ ಮೇಲಿನ ಸುಂಕ ಏಪ್ರಿಲ್ 3ಕ್ಕೆ ಬಂತು. ಸ್ಟೆಲ್ಲಾಂಟಿಸ್ ಕಾರು ಕಂಪನಿಯ ವಿಂಡ್ಸರ್ ಕಾರ್ಖಾನೆ ಅದೇ ತಿಂಗಳು ಎರಡು ವಾರ ಬಾಗಿಲು ಹಾಕಿತು. ಬೇಸಿಗೆ ಹೊತ್ತಿಗೆ ನಮ್ಮೂರಿನ ನಿರುದ್ಯೋಗ ಶೇ. 11ರ ಆಸುಪಾಸು. 1965ರ ಆಟೊ ಒಪ್ಪಂದದಿಂದ ಹಿಡಿದು ಇಲ್ಲಿಯವರೆಗೆ ಈ ಊರು ಎರಡು ದೇಶಗಳನ್ನು ಒಂದೇ ಶೆಡ್ ಅಂದುಕೊಂಡು ಬದುಕಿದೆ. ಒಂದು ಬಿಡಿಭಾಗ ಕಾರಿನೊಳಗೆ ಸೇರುವ ಮೊದಲು ಹಲವು ಸಲ ನದಿ ದಾಟುತ್ತದೆ. ಎರಡು ದೇಶಗಳ ನಡುವಿನ ಸರಕಿನಲ್ಲಿ ಸುಮಾರು ಕಾಲು ಭಾಗ 1929ರಲ್ಲಿ ತೆರೆದ ನಮ್ಮ ಅಂಬಾಸಡರ್ ಬ್ರಿಡ್ಜ್ ಮೇಲೇ ಹೋಗುತ್ತದೆ.

ಇಷ್ಟಕ್ಕೂ ಮಾರ್ಚ್ 4ರ ಸುಂಕಕ್ಕೆ ಕೊಟ್ಟ ಕಾರಣ ವ್ಯಾಪಾರದ್ದಲ್ಲ. ಫೆಂಟನಿಲ್ ಅನ್ನುವ ಮಾದಕವಸ್ತು ಮತ್ತು ಗಡಿ ದಾಟುವ ಜನ. ಫೆಂಟನಿಲ್ ಎರಡೂ ದೇಶದಲ್ಲಿ ಮನೆ ಹಾಳು ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 2024ರ ಹಣಕಾಸು ವರ್ಷದಲ್ಲಿ ಅಮೆರಿಕದ ಅಧಿಕಾರಿಗಳು ತಮ್ಮ ಉತ್ತರದ ಗಡಿಯಲ್ಲಿ ಹಿಡಿದದ್ದು 43 ಪೌಂಡು. ನಾವು ಅಂಗಡಿಯಿಂದ ಹೊತ್ತು ತರುವ 40 ಪೌಂಡಿನ ಸೋನಾ ಮಸೂರಿ ಮೂಟೆಗಿಂತ ಒಂದು ಹಿಡಿ ಜಾಸ್ತಿ. ದಕ್ಷಿಣದ ಗಡಿಯಲ್ಲಿ ಸಿಕ್ಕದ್ದು 21,000 ಪೌಂಡಿಗೂ ಹೆಚ್ಚು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ.

ಕೆನಡಾ ಆದರೂ ಹೇಳಿಕೊಳ್ಳಲು ಹೋಯಿತು. 2024ರ ಡಿಸೆಂಬರಿನಲ್ಲೇ 1.3 ಬಿಲಿಯನ್ ಡಾಲರಿನ ಗಡಿ ಯೋಜನೆ. ಹೆಲಿಕಾಪ್ಟರ್, ಡ್ರೋನ್. ಆಮೇಲೆ ಫೆಂಟನಿಲ್‌ಗೆ ಅಂತಲೇ ಒಬ್ಬ ಅಧಿಕಾರಿ. ಈ ಜೂನ್‌ನಲ್ಲಿ ಸಂಸತ್ತಿಗೆ ಬಂದ ಸಿ-2 ಮಸೂದೆಯಲ್ಲಿ, ದೇಶಕ್ಕೆ ಬಂದು ಒಂದು ವರ್ಷ ಕಳೆದ ಮೇಲೆ ಆಶ್ರಯ ಕೇಳುವವರ ಅರ್ಜಿಯನ್ನು ನಿರಾಶ್ರಿತರ ಮಂಡಳಿಗೆ ಕಳಿಸುವುದೇ ಬೇಡ ಅನ್ನುವ ಮಾತಿತ್ತು. ಸರಕಿನ ಮೇಲಿನ ಸುಂಕ ತಗ್ಗಲಿ ಅಂತ ಮನುಷ್ಯರ ಕಾಗದ ಬಿಗಿ ಮಾಡಿದ ಹಾಗಾಯಿತು, ಅಲ್ವಾ? ಸುಂಕ ತಗ್ಗಲೂ ಇಲ್ಲ. 2020ರ ಒಪ್ಪಂದದ ನಿಯಮಕ್ಕೆ ಹೊಂದುವ ಸರಕಿಗೆ ವಿನಾಯಿತಿ ಇತ್ತು. ಉಳಿದದ್ದಕ್ಕೆ 2025ರ ಆಗಸ್ಟಿನಿಂದ ಶೇ. 35 ಆಯಿತು. 2025ರ ಅಕ್ಟೋಬರಿನಲ್ಲಿ ಒಂಟಾರಿಯೊ ಸರ್ಕಾರ ಟೀವಿಯಲ್ಲಿ ತೋರಿಸಿದ ಜಾಹೀರಾತಿನಲ್ಲಿ, ಸುಂಕವನ್ನು ಟೀಕಿಸಿದ ಅಮೆರಿಕದ ಮಾಜಿ ಅಧ್ಯಕ್ಷ ರೇಗನ್ ಅವರ 1987ರ ಭಾಷಣ ಬಳಸಿದ್ದಕ್ಕೆ ಟ್ರಂಪ್ ಮಾತುಕತೆಯನ್ನೇ ನಿಲ್ಲಿಸಿದರು.

ಹಾಗಂತ ಎಲ್ಲವನ್ನೂ ಟ್ರಂಪ್ ಅವರ ತಲೆಗೆ ಕಟ್ಟೋದು ಸರಿಯಲ್ಲ. ಕೆನಡಾ ತನ್ನ ಬಾಗಿಲನ್ನು ಓರೆ ಮಾಡಿದ್ದು ಅದಕ್ಕೂ ಮುಂಚೆ. ವಿದ್ಯಾರ್ಥಿ ಪರ್ಮಿಟ್‌ಗಳಿಗೆ ಮಿತಿ ಹಾಕಿದ್ದು 2024ರ ಜನವರಿಯಲ್ಲಿ. 2025ಕ್ಕೆ 5 ಲಕ್ಷ ಜನಕ್ಕೆ ಪಿಆರ್ (ಕಾಯಂ ವಾಸದ ಹಕ್ಕು) ಅಂತ ಇದ್ದ ಗುರಿಯನ್ನು 3,95,000ಕ್ಕೆ ಇಳಿಸಿದ್ದು ಅದೇ 2024ರ ಅಕ್ಟೋಬರಿನಲ್ಲಿ, ಅಮೆರಿಕದ ಚುನಾವಣೆಗೆ ಇನ್ನೂ ಹನ್ನೆರಡು ದಿನ ಇರುವಾಗ.

ಈ ವಿಷಯ ಎತ್ತಿದರೆ ನಮ್ಮ ಸಂಘದಲ್ಲೇ ಎರಡು ಪಂಗಡ. ಗಣೇಶನ ಹಬ್ಬದ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಹೇಳಿದರು, 'ನಾವು ನಿಯಮದ ಪ್ರಕಾರ ಬಂದವರು. ಈ ಹುಡುಗರು ಕಾಲೇಜಿನ ಹೆಸರಲ್ಲಿ ಬಂದು ಕೂತಿದ್ದಾರೆ. ಬಾಡಿಗೆ ನೋಡಿ, ಕೆಲಸ ನೋಡಿ.' ಅದೇ ಸರ್ ಈ ವರ್ಷ ಸುಂಕದ ಸಿಟ್ಟಿಗೆ ಅಮೆರಿಕದ ಕಿತ್ತಳೆ ಬಿಟ್ಟವರು, ಕಾರಿಗೆ ಕೆನಡಾ ಬಾವುಟದ ಮೇಪಲ್ ಎಲೆ ಅಂಟಿಸಿಕೊಂಡವರು. ಅವರ ಬಗ್ಗೆ ನನಗೆ ಗೌರವ ಇದೆ, ಅವರು ಬಾಡಿಗೆ ಬಗ್ಗೆ ಹೇಳಿದ್ದು ಸುಳ್ಳೂ ಅಲ್ಲ. 2023ರ ಕೊನೆಗೆ ಈ ದೇಶದಲ್ಲಿ ವಿದ್ಯಾರ್ಥಿ ಪರ್ಮಿಟ್ ಇದ್ದವರು 10 ಲಕ್ಷ ದಾಟಿದ್ದರು. ಅಷ್ಟು ಜನಕ್ಕೆ ಮನೆ ಯಾರೂ ಕಟ್ಟಿರಲಿಲ್ಲ.

ಆದರೆ ಕರೆದವರು ಯಾರು? ಒಂಟಾರಿಯೊ ಸರ್ಕಾರ 2019ರಲ್ಲಿ ಇಲ್ಲಿಯ ಮಕ್ಕಳ ಕಾಲೇಜು ಶುಲ್ಕವನ್ನು ಶೇ. 10 ಇಳಿಸಿ, ಆಮೇಲೆ ಹಾಗೇ ಹಿಡಿದಿಟ್ಟಿತು. ಕಾಲೇಜುಗಳು ಆ ಹಳ್ಳವನ್ನು ಹೊರದೇಶದ ಮಕ್ಕಳ ಶುಲ್ಕದಿಂದ ತುಂಬಿಸಿಕೊಂಡವು. ಹಾಸನದಲ್ಲಿ ತೋಟ ಅಡ ಇಟ್ಟ ದುಡ್ಡು ಇಲ್ಲಿಯ ಕಾಲೇಜಿನ ದೀಪದ ಬಿಲ್ ಕಟ್ಟಿದೆ. ಈಗ ಹುಡುಗನನ್ನು ನೋಡಿ ಮುಖ ಸಿಂಡರಿಸಿದರೆ ಹೇಗೆ? ಇನ್ನು ನಿಯಮದ ಮಾತು. 1908ರ ನಿಯಮದ ಪ್ರಕಾರ ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ನೇರ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಕೆನಡಾ ಪ್ರವೇಶ. ಭಾರತದಿಂದ ಹಾಗೆ ಬರುವ ದಾರಿಯೇ ಇರಲಿಲ್ಲ. 1914ರಲ್ಲಿ ಕೊಮಗಾಟ ಮಾರು ಹಡಗಿನ 376 ಜನರಲ್ಲಿ ಹೆಚ್ಚಿನವರನ್ನು ವಾಪಸ್ ಕಳಿಸಿದ್ದೂ ನಿಯಮದ ಪ್ರಕಾರವೇ. ನಮ್ಮ ಸರ್ ಬಂದ, ಓದು-ಕೆಲಸಕ್ಕೆ ಅಂಕ ಹಾಕಿ ವಲಸಿಗರನ್ನು ಆರಿಸುವ ಪಾಯಿಂಟ್ಸ್ ಪದ್ಧತಿ 1967ರದ್ದು. ಅದು ಬಂದದ್ದಕ್ಕೆ ಅವರು ಬಂದರು, ನಾನೂ ಬಂದೆ.

ಈಗ ಗಡಿಯ ಊರಿನವರಿಗಷ್ಟೇ ಗೊತ್ತಿರುವ ಒಂದು ಆಟದ ಬಗ್ಗೆ ಹೇಳಬೇಕು. ಫ್ಲ್ಯಾಗ್‌ಪೋಲಿಂಗ್. ಆನ್‌ಲೈನ್ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವ ಬದಲು, ವರ್ಕ್ ಪರ್ಮಿಟ್ ಬೇಕಾದವರು ಬ್ರಿಡ್ಜ್ ದಾಟಿ ಅಮೆರಿಕದ ಬಾಗಿಲವರೆಗೆ ಹೋಗುತ್ತಿದ್ದರು. ಒಳಗೆ ಹೋಗುವ ಆಸೆ ಇಲ್ಲ. ಅಮೆರಿಕದ ಅಧಿಕಾರಿಗಳು ಒಂದು ಕಾಗದ ಕೊಟ್ಟು ತಿರುಗಿಸಿ ಕಳಿಸುತ್ತಿದ್ದರು. ಈಚೆ ಬಂದ ಕೂಡಲೇ ಕೆನಡಾ ಅಧಿಕಾರಿ ಅಲ್ಲೇ ಪರ್ಮಿಟ್ ಕೊಡುತ್ತಿದ್ದರು. ಕಬಡ್ಡಿಯಲ್ಲಿ ಗೆರೆ ಮುಟ್ಟಿ ಉಸಿರು ಬಿಡದೆ ವಾಪಸ್ ಓಡಿ ಬಂದ ಹಾಗೆ. ನಾನೇ ಎಷ್ಟು ಹುಡುಗರನ್ನು ಬೆಳಿಗ್ಗೆ ಐದಕ್ಕೆ ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದೇನೆ. ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿ ಖಾಯಂ. 2024ರ ಡಿಸೆಂಬರ್ 23ರ ರಾತ್ರಿಗೆ ಆ ಆಟ ಮುಗಿಯಿತು.

ಆಚೆ ದಡದವರದ್ದೂ ಒಂದು ಆಟ ಇತ್ತು. ಅಮೆರಿಕದ ಕೆಲಸದ ವೀಸಾ ಎಚ್-1ಬಿ ಮೇಲೆ ಇರುವವರು ವೀಸಾ ಸ್ಟ್ಯಾಂಪಿಂಗ್‌ಗೆ ಭಾರತಕ್ಕೆ ಹೋಗುವ ಬದಲು ಟೊರಾಂಟೊಗೆ ಬರುತ್ತಿದ್ದರು. ದಾರಿಯಲ್ಲಿ ನಮ್ಮ ಮನೆಗಳಲ್ಲಿ ಒಂದು ರಾತ್ರಿ. ನಮ್ಮ ಸಂಘದ ಅರ್ಧ ಸ್ನೇಹ ಹಾಗೆ ಬೆಳೆದದ್ದು. ಈ ಸೆಪ್ಟೆಂಬರ್ 6ರಿಂದ ನಿಮ್ಮ ದೇಶದಲ್ಲಿ ಅಥವಾ ನೀವು ವಾಸವಿರುವ ದೇಶದಲ್ಲೇ ಅರ್ಜಿ ಹಾಕಿ ಅಂತ ಅಮೆರಿಕ ಹೇಳಿದೆ. ಬೆಂಗಳೂರಿನಲ್ಲಿ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ತೆರೆಯಿತು ನಿಜ, ಆದರೆ ವೀಸಾಕ್ಕೆ 2025ರಲ್ಲೂ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಿತ್ತು.

ಅದಾಗಿ ಎರಡು ವಾರಕ್ಕೆ, ಸೆಪ್ಟೆಂಬರ್ 19ರ ಶುಕ್ರವಾರ, ಮಿಷಿಗನ್‌ನಿಂದ ಬಂದ ಒಂದು ಜೋಡಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿತ್ತು. ದಸರಾ ಗೊಂಬೆ ಜೋಡಿಸಲು ಬಂದಿದ್ದರು. ಫೋನ್ ಗುಂಯ್‌ಗುಟ್ಟಿತು. ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ, ಭಾನುವಾರದಿಂದ ಜಾರಿ. ಹೊರಗಿರುವವರು ಕೂಡಲೇ ವಾಪಸ್ ಬನ್ನಿ ಅಂತ ಕಂಪನಿಯಿಂದ ಮೆಸೇಜ್. ಸಾರು ಬಡಿಸುತ್ತಿದ್ದೆ, ಅವರು ಕೈ ತೊಳೆದು ಎದ್ದರು. ಹತ್ತು ನಿಮಿಷದಲ್ಲಿ ಕಾರು ನದಿಯಡಿಯ ಟನಲ್ ಕಡೆ ಹೋಯಿತು. ಮರುದಿನ ಗೊತ್ತಾಯಿತು, ಅದು ಹೊಸ ಅರ್ಜಿಗಳಿಗೆ ಮಾತ್ರ. ಆ ಹುಡುಗಿ ತಂದಿದ್ದ ಚನ್ನಪಟ್ಟಣದ ಗೊಂಬೆಗಳು ಇನ್ನೂ ನಮ್ಮ ಮನೆಯಲ್ಲೇ ಇವೆ.

ಇನ್ನು ದಿನಾ ದಾಟುವವರಿದ್ದಾರೆ. ನಮ್ಮ ಸಂಘದ ನರ್ಸ್‌ಗಳು, ಎಂಜಿನಿಯರ್‌ಗಳು. ಅವರು ಹೋಗೋದು ಟಿಎನ್ ಅನ್ನುವ ಅಮೆರಿಕದ ಕೆಲಸದ ಅನುಮತಿ ಮೇಲೆ, ಈ ದಡದಲ್ಲಿ ಅದು ಕೆನಡಾದ ಪೌರರಿಗೆ ಮಾತ್ರ, ಪಿಆರ್ ಇದ್ದರೆ ಸಾಲದು. ಟಿಎನ್ ಅನ್ನು ಜನ ವಲಸೆಯ ವೀಸಾ ಅಂದುಕೊಂಡಿದ್ದಾರೆ. ಅದು ಇರೋದು ವ್ಯಾಪಾರ ಒಪ್ಪಂದದ ಒಳಗೆ, 16ನೇ ಅಧ್ಯಾಯದಲ್ಲಿ. ಮಿನಿವ್ಯಾನ್‌ಗೆ ಸುಂಕದ ರಿಯಾಯಿತಿ ಕೊಡುವ ಒಪ್ಪಂದವೇ ಈ ಅಕ್ಕಂದಿರಿಗೆ ಕೆಲಸದ ದಾರಿಯನ್ನೂ ಕೊಟ್ಟಿದೆ. ಆ ಒಪ್ಪಂದವನ್ನು ಮೂರೂ ದೇಶ ಕೂತು ಮತ್ತೆ ನೋಡಲು ಗೊತ್ತುಮಾಡಿದ್ದು 2026ರ ಜುಲೈ. ಪತ್ರಿಕೆಗಳಲ್ಲಿ ಹಾಲು, ಉಕ್ಕು, ಕಾರಿನ ಬಗ್ಗೆ ಪುಟಗಟ್ಟಲೆ ಬರುತ್ತಿದೆ. 16ನೇ ಅಧ್ಯಾಯದ ಬಗ್ಗೆ ನಾನು ಹುಡುಕಿ ಓದಬೇಕಾಯಿತು. ನಮ್ಮ ಸಂಸದರಿಗೆ ಪತ್ರ ಬರೆಯುವವರು ಆ ಒಂದು ಸಾಲು ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನು ರಾಜ್ಯೋತ್ಸವ. ನವೆಂಬರ್ 15, ಶನಿವಾರ. ಆಚೆ ದಡದ ಅನೇಕರು ಈ ಸಲ ಗಡಿ ದಾಟುವುದಿಲ್ಲ ಅಂದಿದ್ದಾರೆ. ಕಾಗದ ಸರಿಯಿದ್ದವರೂ ಅಷ್ಟೇ, ಧೈರ್ಯ ಸಾಲದು ಅನ್ನುತ್ತಾರೆ. ಟನಲ್ ಬಸ್ ಕೂಡ ಈ ಬೇಸಿಗೆಗೆ ನಿಂತಿತು. ಹಾಗಾಗಿ ಡಬರಿಗಳನ್ನು ಬೇರೆ ಮಾಡುವುದು ಅಂತ ತೀರ್ಮಾನ. ಒಂದು ಇಲ್ಲಿ, ಒಂದು ಅಲ್ಲಿ. ಒಂದೇ ದಿನ, ಒಂದೇ ಬಿಸಿಬೇಳೆಬಾತ್. ದಿನಾ ಕೆಲಸಕ್ಕೆ ದಾಟುವ ನಮ್ಮ ನರ್ಸ್ ಅಕ್ಕ ತಮ್ಮ ಕಾರಿನಲ್ಲಿ ಒಯ್ಯುತ್ತಾರೆ.

ಒಂದೇ ತಕರಾರು. ಮಾರ್ಚ್‌ನಲ್ಲಿ ಭಾರತದ್ದು ಅಂತ ಬಚಾವಾದ ಡಬರಿ ಈಗ ಅದೇ ಕಾರಣಕ್ಕೆ ಸಿಕ್ಕಿಬಿದ್ದಿದೆ. ಭಾರತದ ಸರಕಿಗೆ ಅಮೆರಿಕ 2025ರ ಆಗಸ್ಟ್ 27ರಿಂದ ಶೇ. 50 ಹಾಕಿತು. ಹಳೇ ಪಾತ್ರೆ, ಮಾರಾಟಕ್ಕಲ್ಲ, ಅಡುಗೆ ಮುಗಿಸಿ ವಾಪಸ್ ತರುತ್ತೇವೆ ಅಂತ ಖಜಾಂಚಿಗಳು ಒಂದು ಪತ್ರ ಟೈಪ್ ಮಾಡಿಟ್ಟಿದ್ದಾರೆ. ಆ ಚಿಕ್ಕಪೇಟೆಯ ಚೀಟಿ ಯಾರ ಮನೆಯ ಡ್ರಾಯರಿನಲ್ಲಾದರೂ ಇದ್ದರೆ ದಯವಿಟ್ಟು 14ರೊಳಗೆ ಅವರಿಗೆ ತಲುಪಿಸಿ.