ಎಲುಬು ಹೊತ್ತವರು

ಗೆಳೆಯಾ,

ಬರ್ಲಿನ್ನಿಗೆ ಹೊರಟಿದ್ದೀಯಲ್ಲ, ಅಲ್ಲಿನ ಪ್ರಕೃತಿ ವಿಜ್ಞಾನ ಮ್ಯೂಸಿಯಮ್ಮಿಗೆ ಒಂದು ಬೆಳಗ್ಗೆ ಪೂರ್ತಿ ಎತ್ತಿಡು. ಸೋಮವಾರ ಮಾತ್ರ ಬೇಡ, ರಜೆ.

ಒಳಗೆ ಹೋದೊಡನೆ ಎದುರಿಗೇ ಜಿರಾಫಟೈಟನ್ ಎಂಬ ದೈತ್ಯ ಡೈನೋಸಾರಿನ ಅಸ್ಥಿಪಂಜರ, 13.27 ಮೀಟರ್ ಎತ್ತರ. ಎಲ್ಲರೂ ಕತ್ತೆತ್ತುತ್ತಾರೆ. ನೀನು ಕಾಲಿನಿಂದ ಶುರುಮಾಡು. ಕಾಲೆಲುಬುಗಳು ಬಹುಪಾಲು ಅಸಲಿ. ತಲೆ, ಕತ್ತು, ಬೆನ್ನಿನ ಮಣಿಗಳು ಪ್ರತಿಕೃತಿ. ಅಸಲಿಯನ್ನು ಅಷ್ಟೆತ್ತರಕ್ಕೆ ಏರಿಸಿದರೆ ಭಾರ ತಾಳದು, ಒಡೆದೇ ಹೋದೀತು. ಯಾವ ಮ್ಯೂಸಿಯಮ್ಮಿನಲ್ಲಾದರೂ ಉಕ್ಕಿನ ಆಸರೆ ನೋಡು: ಅಸಲಿ ಎಲುಬನ್ನು ಕೊರೆಯಲು ಮನಸ್ಸು ಬರುವುದಿಲ್ಲ, ಈಗೀಗ ಸಾಮಾನ್ಯವಾಗಿ ಹೊರಗಿನಿಂದ ಹಿಡಿದಿರುತ್ತಾರೆ, ಅಚ್ಚಿನದಾದರೆ ಸರಳು ಒಳಗೇ ಅಡಗುತ್ತದೆ. 1937ರಲ್ಲಿ ಮೊದಲು ನಿಲ್ಲಿಸಿದಾಗ ಜಿರಾಫಟೈಟನ್ನಿನ ಮುಂಗಾಲು ಹೊರಕ್ಕೆ ಬಾಗಿತ್ತು, ಬಾಲ ಕೆಳಗೆ ಇಳಿಬಿದ್ದಿತ್ತು. 2007ರಲ್ಲಿ ಹೊಸದಾಗಿ ಜೋಡಿಸಿದ ಮೇಲೆ ಕಾಲು ನೆಟ್ಟಗಾಯಿತು, ಬಾಲ ಮೇಲೆದ್ದಿತು.

ಆರ್ಕಿಯಾಪ್ಟೆರಿಕ್ಸ್ ಎಂಬ ಪುರಾತನ ಹಕ್ಕಿಯ ಪಳೆಯುಳಿಕೆ ಇರುವುದು ಮಬ್ಬು ಬೆಳಕಿನಲ್ಲಿ, ಗಾಜಿನ ಹಿಂದೆ. ಅದು ಅಸಲಿ ಕಲ್ಲೇ ಕಣೋ! ಅವಸರದಲ್ಲಿ ನೋಡಿದರೆ ಗರಿಗಳೇ ಕಾಣುವುದಿಲ್ಲ. ಅವು ಸುಣ್ಣಕಲ್ಲಿನಲ್ಲಿ ಮೂಡಿದ ಸಣ್ಣ ಗೀರುಗಳಷ್ಟೆ. ಕಣ್ಣು ಹೊಂದಿಕೊಳ್ಳುವವರೆಗೆ ನಿಲ್ಲು, ಆಮೇಲೆ ನಿಧಾನ ಪಕ್ಕಕ್ಕೆ ಸರಿ. ಓರೆಯಿಂದ ನೋಡಿದಾಗ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಜೊತೆಗೆ ಹಲ್ಲು, ಉಗುರಿರುವ ಮೂರು ಬೆರಳು, ಎಲುಬಿನ ಉದ್ದ ಬಾಲ. ಹಕ್ಕಿಯೂ ಹೌದು, ಹಲ್ಲಿಯ ನೆಂಟನೂ ಹೌದು.

ಇಷ್ಟಕ್ಕೇ ಪತ್ರ ಮುಗಿಸೋಣ ಅಂದುಕೊಂಡಿದ್ದೆ. ಆಗುತ್ತಿಲ್ಲ.

ಆ ದೈತ್ಯನ ಎಲುಬುಗಳು ಸಿಕ್ಕಿದ್ದು ಇಂದಿನ ಟಾಂಜಾನಿಯಾದ ಟೆಂಡಗುರುವಿನಲ್ಲಿ, 1909ರಿಂದ 1913ರವರೆಗಿನ ಅಗೆತದಲ್ಲಿ. ಆಗ ಅದು ಜರ್ಮನರ ವಸಾಹತು. ಇನ್ನೂರು ಟನ್ನಿಗೂ ಮಿಕ್ಕ ಪಳೆಯುಳಿಕೆ ಅಲ್ಲಿಂದ ಬಂತು. ಲಿಂಡಿ ಬಂದರಿನವರೆಗೆ ದಿನಗಟ್ಟಲೆ ಕಾಲ್ನಡಿಗೆ. ತಲೆ, ಹೆಗಲ ಮೇಲೆ ಹೊತ್ತವರು ಅಲ್ಲಿಯ ಜನ. ಅಗೆತದ ಮೇಸ್ತ್ರಿ ಬೊಹೆಟಿ ಬಿನ್ ಅಮ್ರಾನಿಯ ಹೆಸರು ಒಂದು ಡೈನೋಸಾರಿಗೆ, ಆಸ್ಟ್ರಾಲೊಡೊಕಸ್ ಬೊಹೆಟಿಗೆ, ಸಿಕ್ಕಿತು. ಅದೂ 2007ರಲ್ಲಿ. ಉಳಿದ ನೂರಾರು ಮಂದಿ? ಅಚ್ಚು ಯಾವುದು, ಅಸಲಿ ಯಾವುದು ಅಂತ ಪಾಠ ಹೇಳುವ ನನಗೆ ಹೊತ್ತವರ ಕಡೆ ಇಷ್ಟು ದಿನ ಗಮನವೇ ಹೋಗಿರಲಿಲ್ಲ. ಈಗ ಆ ಎತ್ತರ ನೆನೆದರೆ ಬೆರಗಿನ ಜೊತೆಗೇ ನಾಚಿಕೆಯಾಗುತ್ತದೆ. ಇದನ್ನು ಹೇಳಿಕೊಳ್ಳುವ ಯೋಚನೆ ಇರಲಿಲ್ಲ.

ಸಾಕು, ನಿನ್ನ ಪ್ರಯಾಣದ ಮೇಲೆ ಇಷ್ಟೊಂದು ಭಾರ ಹೇರಬಾರದು. ಬಾಗಿಲು ತೆರೆದೊಡನೆ ನುಗ್ಗು, ಮುಂಗಾಲಿನ ಪಕ್ಕ ನಿಂತು ಫೋಟೊ ಕಳಿಸು. ಕಾಯುತ್ತಿರುತ್ತೇನೆ.

ನಿನ್ನವನು