ನೀಲಿಯೋ ಹಳದಿಯೋ: ಗೆಳೆಯನಿಗೊಂದು ಪತ್ರ

ಲೋ ಗೆಳೆಯಾ,

ಕೋಣೆಯ ಗೋಡೆಗೆ ಯಾವ ಬಣ್ಣ ಬಳಿಸಲಿ ಅಂತ ಕೇಳಿ ನೀನು ಕಳಿಸಿದ ಶೇಡ್ ಕಾರ್ಡಿನ ಫೋಟೋ ಸಿಕ್ಕಿತು. ನಿನಗೆ ಕಡುನೀಲಿ ಬೇಕು, ಅಮ್ಮನಿಗೆ ನಿಂಬೆಹಳದಿ. ನಡುವೆ ನನ್ನನ್ನು ಪಂಚಾಯ್ತಿಗೆ ಕೂರಿಸಿದ್ದೀಯ. ಮೊಬೈಲಿನಲ್ಲಿ ಬಣ್ಣ ನೋಡಿ ಏನೂ ಹೇಳಲಾಗದು. ಆದರೆ ಆ ಕೋಣೆ ನನಗೆ ಗೊತ್ತಲ್ವಾ.

ಇರುವುದೊಂದೇ ಕಿಟಕಿ, ಅದೂ ಉತ್ತರಕ್ಕೆ. ಶಿವಮೊಗ್ಗದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ನಿಜ. ಆದರೆ ಜೂನ್ ಬಂತೆಂದರೆ ಮೋಡ. ಮಿಕ್ಕ ದಿನ ಬರುವುದು ತಣ್ಣನೆ ಬೆಳಕು, ಅದೂ ಹಲಸಿನ ಎಲೆಗಳನ್ನು ದಾಟಿಕೊಂಡು.

ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವುದಕ್ಕೆ ಎಲ್‌ಆರ್‌ವಿ ಅಂತ ಒಂದು ಅಳತೆ ಇದೆ. ಅಪ್ಪಟ ಕಪ್ಪಿಗೆ 0, ಅಪ್ಪಟ ಬಿಳಿಗೆ 100. ಕಡುನೀಲಿಗೆ ಸಾಮಾನ್ಯವಾಗಿ 10ರ ಒಳಗೇ. ನಾಲ್ಕೂ ಗೋಡೆಗೆ ಬಳಿದರೆ ಹಗಲಲ್ಲೂ ಲೈಟ್ ಹಾಕಬೇಕು ಮಾರಾಯ.

ಹಾಗಂತ ಅಮ್ಮ ಗೆದ್ದರು ಅಂದುಕೊಳ್ಳಬೇಡ. ನಿಂಬೆಹಳದಿಯಲ್ಲಿ ಮೊದಲೇ ಒಂಚೂರು ಹಸಿರಿದೆ. ಎಲೆಯ ಹಸಿರೂ ಸೇರಿದರೆ ಗೋಡೆಗೆ ಕಾಮಾಲೆ ಬಂದಂತೆ ಕಾಣುತ್ತದೆ. ತುಸು ಕೆಂಪಿನ ಕಡೆ ವಾಲುವ ತಿಳಿ ಅರಿಶಿನ ಬಣ್ಣ ನೋಡಿ. (ನಿಮ್ಮಜ್ಜಿ ಕಾಲದಲ್ಲಿ ಸುಣ್ಣಕ್ಕೆ ಚೂರು ನೀಲಿ ಕಲಸಿ ಬಳಿದರೆ ಮುಗೀತು, ಈ ರಗಳೆಯೇ ಇರಲಿಲ್ಲ.)

ನೀಲಿ, ಹಳದಿ ಎರಡನ್ನೂ ಪಕ್ಕಪಕ್ಕ ಬಳಿದು ಹೋಲಿಸಬೇಡ. ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂದಿತ್ತು. ಅಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದ ಶೆವ್ರಲ್ ಪರೀಕ್ಷಿಸಿದರೆ ನೂಲು ಸರಿಯಾಗೇ ಇತ್ತು; ಪಕ್ಕದ ನೂಲಿನ ಬಣ್ಣ ಅದನ್ನು ಹಾಗೆ ಕಾಣಿಸುತ್ತಿತ್ತು. 1839ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ನೀಲಿ, ಹಳದಿ ಅಕ್ಕಪಕ್ಕ ಇದ್ದರಂತೂ ಒಂದನ್ನೊಂದು ಜಾಸ್ತಿಯೇ ಎತ್ತಿ ತೋರಿಸುತ್ತವೆ.

ಸ್ಯಾಂಪಲ್ ಡಬ್ಬಿ ತಂದು ಎರಡು ದಪ್ಪ ಡ್ರಾಯಿಂಗ್ ಶೀಟಿಗೆ ಎರಡೆರಡು ಕೋಟ್ ಹೊಡಿ. ಪೂರ್ತಿ ಒಣಗಲಿ, ಹಸಿಯಲ್ಲಿ ಕಂಡ ಬಣ್ಣ ಉಳಿಯುವುದಿಲ್ಲ. ಒಂದೊಂದನ್ನೇ ಗೋಡೆಗೆ ಅಂಟಿಸಿ ಬೆಳಿಗ್ಗೆ ನೋಡು, ಸಂಜೆ ನೋಡು, ರಾತ್ರಿಯೂ ನೋಡು. ಬೆಳ್ಳಗಿನ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಟ್ಯೂಬ್‌ಲೈಟಿನಲ್ಲಿ ಹಳದಿ ಪೇಲವ. ಹಳದಿ ಬೆಳಕಿನ 3000 ಕೆಲ್ವಿನ್ ಬಲ್ಬ್ ಹಾಕಿದರೆ ಅದೇ ಹಳದಿ ಬೆಚ್ಚಗಾಗುತ್ತದೆ, ನೀಲಿ ಕಪ್ಪಿಗೆ ತಿರುಗುತ್ತದೆ.

ನೀಲಿ ಬೇಕೇ ಬೇಕು ಅಂದರೆ ಪುಸ್ತಕದ ಕಪಾಟಿನ ಹಿಂದಿನ ಗೋಡೆಗೆ ಮಾತ್ರ ಬಳಿಸು. ಕಿಟಕಿ ಇರುವ ಗೋಡೆಗೆ ಬೇಡ, ಕತ್ತಲ ಗೋಡೆ ನಡುವೆ ಕಿಟಕಿ ಕಣ್ಣು ಕುಕ್ಕುತ್ತದೆ.

ಪೇಂಟರ್‌ಗೆ ಅಡ್ವಾನ್ಸ್ ಕೊಡುವ ಮೊದಲು ಇಷ್ಟು ಮಾಡು. ನಿಂಬೆಹಳದಿ ಬೇಡ ಅನ್ನುವುದನ್ನು ಅಮ್ಮನಿಗೆ ನೀನೇ ಹೇಳು, ನನ್ನ ಹೆಸರು ಎತ್ತಬೇಡ.

ನಿನ್ನವ