ಬೆಲೆ ಆಮೇಲೆ, ಮೊದಲು ಚಿಪ್ ಓದಿಸಿ

ಮಾನ್ಯ ಸಂಪಾದಕರೇ,

ಬಿಡುಗಡೆಯಾಗದ ಹಳೆಯ ವಿಡಿಯೊ ಗೇಮ್‌ಗಳು ಪತ್ರಿಕೆಗೆ ಬರುವುದು ಹರಾಜಿನ ಬೆಲೆಯಿಂದ. ನಿಂಟೆಂಡೊ–ಸೋನಿ ಜಂಟಿಯಾಗಿ ಮಾಡಿ ಕೈಬಿಟ್ಟ ಪ್ಲೇಸ್ಟೇಷನ್ ಮಾದರಿ 2020ರಲ್ಲಿ 3,60,000 ಡಾಲರ್‌ಗೆ ಹೋದಾಗಲೂ ಹಾಗೇ ಆಯಿತು. ಇದನ್ನೆಲ್ಲ ಓದಿ ಪ್ರೋಟೊಟೈಪ್ ಕಾರ್ಟ್ರಿಜ್ (ಬಿಡುಗಡೆಗೆ ಮುನ್ನ ಪರೀಕ್ಷೆಗೆಂದು ಮಾಡಿದ, ಆಟದ ಚಿಪ್ ಇರುವ ಡಬ್ಬಿ) ಕೊಂಡವರು ಅದನ್ನು ಗಾಜಿನ ಕಪಾಟಿನಲ್ಲಿ ದೀಪದ ಕೆಳಗೆ ಇಡುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಅಂಗಡಿಯಲ್ಲಿ ಮಾರಿದ ಆಟದ ಡೇಟಾ ಚಿಪ್ಪಿನಲ್ಲಿ ಕಾರ್ಖಾನೆಯಲ್ಲೇ ಅಚ್ಚಾಗಿರುತ್ತದೆ. ಪ್ರೋಟೊಟೈಪ್‌ನಲ್ಲಿ ಸಾಮಾನ್ಯವಾಗಿ ಇರುವುದು ಇಪ್ರಾಮ್, ಅಂದರೆ ಅತಿನೇರಳೆ ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್. ಮೈಕ್ರೊಪ್ರೊಸೆಸರ್ ಲ್ಯಾಬ್ ಮಾಡಿದ ನಮ್ಮ ಎಂಜಿನಿಯರುಗಳು ಅದನ್ನು ಮರೆತಿರಲಾರರು: ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ ಇರುವ ಚಿಪ್. ಅದರಲ್ಲಿ ಬರೆದ ಪ್ರತಿ ಸೊನ್ನೆಯೂ ಹಿಡಿದಿಟ್ಟ ಒಂದಿಷ್ಟು ಚಾರ್ಜ್. ಅದು ಸೋರಿದರೆ 0 ಇದ್ದದ್ದು 1 ಆಗುತ್ತದೆ. ಕಿಟಕಿ ಬಯಲಾಗಿದ್ದರೆ ನೇರ ಬಿಸಿಲಿನಲ್ಲಿ ಸುಮಾರು 1 ವಾರ, ಟ್ಯೂಬ್‌ಲೈಟಿನಲ್ಲಿ ಸುಮಾರು 3 ವರ್ಷದಲ್ಲಿ ಚಿಪ್ ಅಳಿಸಿಹೋಗಬಹುದು ಎಂದು ತಯಾರಕರ ಡೇಟಾಶೀಟಿನಲ್ಲೇ ಇದೆ. ಫೋಟೊಕ್ಕಾಗಿ ಆ ಕಿಟಕಿ ಮುಚ್ಚಿದ ಲೇಬಲ್ ಕಿತ್ತು ಹಾಕುವವರನ್ನು ಏನೆನ್ನಬೇಕೋ! ಲೇಬಲ್ ತಾನಾಗಿ ಉದುರಿದ್ದರೆ ಬೆಳಕು ದಾಟದ ಫಾಯಿಲ್ ಸ್ಟಿಕ್ಕರ್ ಅಂಟಿಸಿ.

ಚಿಪ್ ಓದಿಸುವುದು, ಅಂದರೆ ಅದರ ಡೇಟಾವನ್ನು ಕಂಪ್ಯೂಟರಿಗೆ ನಕಲು (ಡಂಪ್) ಮಾಡುವುದು ಕಷ್ಟವಲ್ಲ, ಅವಸರ ಕೂಡದು ಅಷ್ಟೇ. ಸಾಕೆಟ್‌ನಲ್ಲಿದ್ದರೆ ಚಿಪ್ಪನ್ನು ಎರಡೂ ತುದಿಯಿಂದ ಸ್ವಲ್ಪಸ್ವಲ್ಪವೇ ಎತ್ತಿ. ಒಂದೇ ಕಡೆ ಮೀಟಿದರೆ ಕಾಲು (ಪಿನ್) ಮುರಿಯುತ್ತದೆ. ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಪ್ರೋಗ್ರಾಮರ್‌ನಲ್ಲಿ (ಚಿಪ್ ಓದುವ ಸಾಧನ) ಚಿಪ್ ಐಡಿ ತಪಾಸಣೆಯನ್ನು ಮೊದಲು ಆಫ್ ಮಾಡಿ. ಅದು ಒಂದು ಕಾಲಿಗೆ ಸುಮಾರು 12 ವೋಲ್ಟ್ ಕೊಡುತ್ತದೆ, ನಿಮ್ಮ ಕೈಲಿರುವುದು ಇಪ್ರಾಮ್ ಅಲ್ಲದಿದ್ದರೆ ಸುಟ್ಟೇಹೋಗಬಹುದು. ಆಮೇಲೆ 3 ಸಲ, ಪ್ರತಿ ಸಲವೂ ಚಿಪ್ ತೆಗೆದು ಮತ್ತೆ ಕೂರಿಸಿ ಓದಿ, ಮೂರೂ ಫೈಲ್‌ಗಳ ಎಸ್‌ಎಚ್‌ಎ-1 (ಫೈಲಿನ ಬೆರಳಚ್ಚಿನಂಥ ಸಂಕೇತ) ತಾಳೆ ನೋಡಿ. ಒಂದೊಂದು ಸಲ ಒಂದೊಂದು ಬಂದರೆ 5 ವೋಲ್ಟ್ ಬದಲು 4.5ಕ್ಕೆ ಇಳಿಸಿ ನೋಡಿ. ಅರೆಬರೆ ಸೋರಿದ ಸೊನ್ನೆಗಳು ಕಡಿಮೆ ವೋಲ್ಟೇಜಿನಲ್ಲಿ ಸೊನ್ನೆಯಾಗಿಯೇ ಸಿಗುವ ಸಾಧ್ಯತೆ ಹೆಚ್ಚು. ಫೈಲಿನ ಎರಡು ಅರ್ಧಗಳೂ ಒಂದೇ ಇದ್ದರೆ ಖುಷಿಪಡಬೇಡಿ, ಯಾವುದೋ ಅಡ್ರೆಸ್ ಕಾಲು (ಎಲ್ಲಿಂದ ಓದಬೇಕೆಂದು ಚಿಪ್ಪಿಗೆ ತಿಳಿಸುವ ಪಿನ್) ಸರಿಯಾಗಿ ತಾಗಿಲ್ಲವೇ ನೋಡಿ.

ಸೆಗಾ ಕಂಪನಿಯ ಗೇಮ್ ಯಂತ್ರ ಮೆಗಾ ಡ್ರೈವ್‌ನದು ಇನ್ನೊಂದು ತಕರಾರು. ಅದು 16 ಬಿಟ್ ಯಂತ್ರ, ಇಪ್ರಾಮ್ 8 ಬಿಟ್. ಹಾಗಾಗಿ 1 ಎಂಬಿ ಆಟ 512 ಕೆಬಿಯ 2 ಚಿಪ್‌ಗಳಲ್ಲಿ, ಒಂದರಲ್ಲಿ ಸಮ ಬೈಟ್, ಇನ್ನೊಂದರಲ್ಲಿ ಬೆಸ ಬೈಟ್ ಎಂದು ಹಂಚಿಹೋಗಿರುತ್ತದೆ. ಎರಡನ್ನೂ ಹೆಣೆದ ಮೇಲೆ ಹೆಕ್ಸ್ (16ರ ಆಧಾರದ ಎಣಿಕೆ) 100ನೇ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರಗಳು ಎಸ್-ಇ-ಜಿ-ಎ ಎಂದಿರಬೇಕು. ಇ-ಎಸ್-ಎ-ಜಿ ಎಂದಿದ್ದರೆ ಚಿಪ್‌ಗಳು ಅದಲುಬದಲಾಗಿವೆ. ಹೆಣೆಯುವ ಮೊದಲೇ ತಿಳಿಯಬೇಕೇ? ಬಿಡಿ ಫೈಲಿನ ಹೆಕ್ಸ್ 80ರಲ್ಲಿ ಎಸ್-ಜಿ ಇದ್ದದ್ದು ಸಮ, ಇ-ಎ ಇದ್ದದ್ದು ಬೆಸ.

ನಕಲಿ ಮಾಲಿನ ಬಗ್ಗೆಯೂ ಒಂದು ಮಾತು. ಚಿಪ್ ಮೈಮೇಲಿನ 9418 ಎಂಬಂಥ ಸಂಖ್ಯೆಯೆಂದರೆ 1994ರ 18ನೇ ವಾರ. 1992ರ ಪ್ರೋಟೊಟೈಪ್ ಎಂದು ಮಾರುವವರ ಬಳಿ ಅಂಥ ಚಿಪ್ ಕಂಡರೆ ಹಣ ಜೇಬಲ್ಲೇ ಇರಲಿ.

ಡಂಪ್ ಮಾಡಿ ಹಂಚಿದರೆ ಬೆಲೆ ಬಿದ್ದುಹೋಗುತ್ತದೆ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ನಿಂಟೆಂಡೊದ ಸ್ಟಾರ್ ಫಾಕ್ಸ್ 2 ಮುಗಿಯುವ ಹಂತಕ್ಕೆ ಬಂದು 1995ರಲ್ಲಿ ರದ್ದಾದ ಆಟ. ಕಂಪನಿಯೇ ಅದನ್ನು ಹೊರತಂದದ್ದು 2017ರಲ್ಲಿ. ಅಲ್ಲಿಯವರೆಗೆ ಜನ ಆಡಿದ್ದು ಸೋರಿಬಂದ ಪ್ರೋಟೊಟೈಪ್ ಫೈಲ್‌ಗಳನ್ನೇ. ಯಾರೂ ಓದಿಸದೆ ಬಿಟ್ಟ ಕಾರ್ಟ್ರಿಜ್ ಇನ್ನು 10 ವರ್ಷಕ್ಕೆ ಬರೀ ಪ್ಲಾಸ್ಟಿಕ್ ಆಗಿ ಉಳಿದರೆ ಅದಕ್ಕೆ ಯಾವ ಬೆಲೆ?

ಮುಂದಿನ ಸಲ ಇಂಥ ಹರಾಜಿನ ಸುದ್ದಿ ಹಾಕುವಾಗ ಚಿಪ್ ಡಂಪ್ ಆಗಿದೆಯೇ ಎಂಬುದನ್ನೂ ದಯವಿಟ್ಟು ಒಂದು ಸಾಲಿನಲ್ಲಿ ತಿಳಿಸಿ.

– ಹಳೆ ಗೇಮ್ ಸಂಗ್ರಾಹಕರು, ಬೆಂಗಳೂರು